ಷಡ್ಡಕನ ಬಿಸಿಲು

ಫೆಬ್ರವರಿ ೨, ಭಾನುವಾರ

ಮಾವನ ಮನೆಯಲ್ಲಿ ಊಟ. ಊಟಕ್ಕೆ ಮೊದಲು ಎಲ್ಲರನ್ನೂ ತಾರಸಿಗೆ ಹತ್ತಿಸಲಾಯಿತು. ಹತ್ತಿಸಿದವರು ಮಾವ. ಮಂಡಿನೋವಿನ ಮನುಷ್ಯ, ಮೆಟ್ಟಿಲು ಕಂಡರೆ ಮುಖ ಕಿವುಚುವವರು, ಇಂದು ನಮಗಿಂತ ಮುಂದೆ ಹತ್ತಿದರು. ತಾರಸಿಯ ಮೇಲೆ ಸರ್ಕಾರದ ಯೋಜನೆಯಲ್ಲಿ ಹಾಕಿಸಿದ ಸೋಲಾರ್ ಫಲಕಗಳು ಸಾಲಾಗಿ ಆಕಾಶಕ್ಕೆ ಎದೆಕೊಟ್ಟು ಮಲಗಿದ್ದವು.

ಹಾಕಿಸಿಕೊಟ್ಟವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ನನಗಿಂತ ಬಹಳ ಚಿಕ್ಕವನು. ಸರ್ಕಾರದ ಹೊಸ ಇಂಧನ ಇಲಾಖೆಯಲ್ಲಿ ಅಧಿಕಾರಿ; ಬಿಸಿಲು, ಗಾಳಿ ಅವನ ಖಾತೆ. ನಾನು ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಇಂಚಾರ್ಜ್. ಒಂದೇ ಮನೆಗೆ ಒಬ್ಬ ಹೊಗೆಯ ಅಳಿಯ, ಒಬ್ಬ ಬಿಸಿಲಿನ ಅಳಿಯ.

"ನೋಡಿ ನೋಡಿ, ಮೀಟರು ಹಿಂದಕ್ಕೆ ಓಡ್ತಿದೆ! ನಾವೇ ಸರ್ಕಾರಕ್ಕೆ ಕರೆಂಟ್ ಕೊಡ್ತಿದೀವಿ," ಎಂದು ಮಾವ ಕುಣಿದಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲಪ್ಪ," ಎಂದರು.

ತೊಂದರೆ ಎಂದರೆ ಇದು: ನನ್ನ ಮದುವೆಯಾದಾಗಿನಿಂದ ಅವರ ಮನೆಯಲ್ಲಿ ದೀಪ ಹೋದಾಗಲೆಲ್ಲ ನನಗೆ ಫೋನ್ ಬರುತ್ತಿತ್ತು. "ಏನಪ್ಪಾ, ಆರಿಸ್ಬಿಟ್ರಾ?" ಅವರ ಬೀದಿಯ ಫ್ಯೂಸಿಗೂ ನನ್ನ ಬಾಯ್ಲರಿಗೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ತಲೆಗೆ ಹೋಗುತ್ತಿರಲಿಲ್ಲ. ಆ ಫೋನಿನಿಂದ ನನಗೆ ಕಿರಿಕಿರಿಯಾಗುತ್ತಿತ್ತು. ಈ ವಾಕ್ಯವನ್ನು ಬರೆದ ಮೇಲೆ ಅದು ಅಷ್ಟೇನೂ ನಿಜವಲ್ಲ ಅನ್ನಿಸುತ್ತಿದೆ.

ಬ್ಯಾಟರಿ ಇಲ್ಲದ್ದರಿಂದ ಬೀದಿಯಲ್ಲಿ ಕರೆಂಟ್ ಹೋದರೆ ಈ ಫಲಕಗಳೂ ನಿಲ್ಲುತ್ತವೆ. ಅದನ್ನು ಎಲ್ಲರೆದುರು ಹೇಳಬೇಕೆಂದು ಸರಿಯಾದ ಸಮಯ ಕಾಯುತ್ತಿದ್ದೆ. ಅಷ್ಟರಲ್ಲಿ ಷಡ್ಡಕ ತಾನೇ, "ಮಾವ, ಒಂದು ಕೊರತೆ ಇದೆ, ಮೊದಲೇ ಹೇಳ್ಬಿಡ್ತೀನಿ," ಎಂದು ಅದನ್ನೂ ಹೇಳಿಬಿಟ್ಟ. ಮಾವನಿಗೆ ಅವನ ಪ್ರಾಮಾಣಿಕತೆ ಕಂಡು ಇನ್ನಷ್ಟು ಅಭಿಮಾನ.

ಬರುವಾಗ ಸ್ಕೂಟರಿನ ಹಿಂದೆ ಕೂತು ಹೆಂಡತಿ, "ನಿಮಗೆ ಹೊಟ್ಟೆಕಿಚ್ಚು," ಎಂದಳು. ಅಲ್ಲ. ಫಲಕಗಳ ವಾಲು ಸ್ವಲ್ಪ ಹೆಚ್ಚಾಯಿತು ಎಂದಷ್ಟೇ ನಾನು ಹೇಳಿದ್ದು.

ಫೆಬ್ರವರಿ ೫

ಬೆಳಗಿನ ತಿಂಡಿ ಜೀರ್ಣವಾಗುವ ಮೊದಲೇ, ಯಾವ ಸ್ಥಾವರ ಎಷ್ಟು ಕರೆಂಟ್ ಕೊಡಬೇಕೆಂದು ಹೇಳುವ ಲೋಡ್ ಕೇಂದ್ರದ ಹುಡುಗಿಯ ಫೋನ್. "ಸರ್, ಬಿಸಿಲು ಬಂತು. ಐದನೇ ಘಟಕ ಇಳಿಸಿ."

ಈಗ ದಿನಾ ಹೀಗೆಯೇ. ಸರ್ಕಾರದ ಆಜ್ಞೆಯಲ್ಲಿ ಮೊದಲ ಪಂಕ್ತಿ ಬಿಸಿಲಿಗೆ ಮತ್ತು ಗಾಳಿಗೆ. ಅವು ಉಂಡು ಉಳಿದದ್ದು ನಮಗೆ. ಮಧ್ಯಾಹ್ನವೆಲ್ಲ ಬಾಯ್ಲರನ್ನು ತಗ್ಗಿಸಿ ಕೂರುವುದು, ಸಂಜೆ ಸೂರ್ಯ ಕೈಕೊಟ್ಟ ಮೇಲೆ ಓಡೋಡಿ ಏರಿಸುವುದು. ಈ ಬಾಯ್ಲರನ್ನು ಕಟ್ಟಿದವರು ಅದು ದಿನವಿಡೀ ಒಂದೇ ಸಮ ಉರಿಯಲಿ ಎಂದು ಕಟ್ಟಿದ್ದರು. ಅದನ್ನು ಇಳಿಸುವಾಗ ಕೊಳವೆಗಳು ನರಳುವ ಸದ್ದು ಕಂಟ್ರೋಲ್ ರೂಮಿಗೆ ಕೇಳದು, ನನಗೆ ಕೇಳುತ್ತದೆ.

ಪಕ್ಕದ ಮೇಜಿನ ಆಪರೇಟರನ್ನು ನಾವೆಲ್ಲ ಉಸಿರು ಎಂದು ಕರೆಯುತ್ತೇವೆ. ಪ್ರತಿ ಗುಂಡಿ ಒತ್ತುವ ಮೊದಲು ಒಂದು ನಿಟ್ಟುಸಿರು ಬಿಡುತ್ತಾನೆ. ಇಂದು ಉಸಿರುಬಿಟ್ಟು, ಗುಂಡಿ ಒತ್ತಿ, "ಏನ್ ಸರ್ ಇದು, ಚಿಕ್ಕ ಅಳಿಯ ಬಂದ ತಕ್ಷಣ ದೊಡ್ಡ ಅಳಿಯ ಎದ್ದು ಕುರ್ಚಿ ಬಿಟ್ಟ ಹಾಗಾಯ್ತು," ಎಂದ.

ಅವನಿಗೆ ನಮ್ಮ ಮನೆಯ ವಿಷಯ ಏನೂ ತಿಳಿಯದು. ಆದರೂ ನಾನು ಅವನ ಮುಖವನ್ನು ಬಹಳ ಹೊತ್ತು ನೋಡಿದೆ.

ಫೆಬ್ರವರಿ ೧೧

ಸ್ಥಾವರದ ಸಾಹೇಬರು ಎಲ್ಲರನ್ನೂ ಕರೆದು ಹೇಳಿದರು. ಒಂದರಿಂದ ನಾಲ್ಕನೇ ಘಟಕಗಳು ಆಗಲೇ ಮುಚ್ಚಿವೆ, ಉಳಿದಿರುವುದು ನಮ್ಮ ಐದನೆಯದು. ಮಧ್ಯಾಹ್ನ ನೂರಕ್ಕೆ ನಲವತ್ತರ ಲೋಡಿಗೆ ಇಳಿದು, ಬಿಸಿಲಿರುವಷ್ಟು ಹೊತ್ತು ಎಣ್ಣೆಯ ಆಸರೆಯಿಲ್ಲದೆ ಬರೀ ಕಲ್ಲಿದ್ದಲಿನ ಮೇಲೆ ನಿಂತು, ಸಂಜೆ ಮತ್ತೆ ಏರಿ ತೋರಿಸಿದರೆ ಇನ್ನು ಹತ್ತು ವರ್ಷ ಬದುಕು. ಆಗದಿದ್ದರೆ ಈ ವರ್ಷಕ್ಕೇ ಬೀಗ. ಮುಂದಿನ ತಿಂಗಳು ಪರೀಕ್ಷೆ. ಪರೀಕ್ಷೆಯ ಉಸ್ತುವಾರಿ ಹೊಸ ಇಂಧನ ಇಲಾಖೆಯದು.

ಉಸ್ತುವಾರಿಗೆ ಬರುವವನು ಯಾರು ಎಂದು ಸಾಹೇಬರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಮನೆಗೆ ಬಂದರೆ ಹೆಂಡತಿಗೆ ನನಗಿಂತ ಹೆಚ್ಚು ಗೊತ್ತಿತ್ತು.

"ನಿಮ್ಮ ಘಟಕದ ಹೆಸರೇ ಪರೀಕ್ಷೆಗೆ ಇರ್ಲಿಲ್ವಂತೆ. ನೇರ ಮುಚ್ಚೋದು ಅಂತಿತ್ತಂತೆ. ಪಾಪ, ನನ್ನ ತಂಗಿ ಯಜಮಾನ್ರೇ ಮೇಲಿನವರ ಹತ್ರ ಜಗಳ ಆಡಿ ಸೇರಿಸಿದ್ದಾರೆ."

"ನಾನು ಕೇಳಿದ್ನಾ?"

"ಕೇಳ್ದೆ ಮಾಡಿದ್ದಕ್ಕೇ ಉಪಕಾರ ಅನ್ನೋದು."

ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಫೆಬ್ರವರಿ ೧೬

ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್: ಒಂದು ದಿನದಲ್ಲಿ ದೇಶಕ್ಕೆ ಯಾವ ಹೊತ್ತಿಗೆ ಎಷ್ಟು ವಿದ್ಯುತ್ ಬೇಕು, ಅದು ಎಲ್ಲಿಂದ ಬರುತ್ತದೆ. ನಾನು ಹಾಲಿನಲ್ಲೇ ಕೂತಿದ್ದೆ, ಪೇಪರು ಹಿಡಿದು. ಅವಳು ಫೋನಿನಲ್ಲಿ ಚಿಕ್ಕಪ್ಪನ ಜೊತೆ ಮುಕ್ಕಾಲು ಗಂಟೆ ಮಾತಾಡಿದಳು. ಹಿತ್ತಲ ಗಿಡ ಮದ್ದಲ್ಲ.

ಆಮೇಲೆ ಚಿತ್ರ ತಂದು ತೋರಿಸಿದಳು. ಬಿಸಿಲು ಕೊಟ್ಟದ್ದನ್ನು ಕಳೆದು ಉಳಿದ ಬೇಡಿಕೆಯ ಗೆರೆ; ಮಧ್ಯಾಹ್ನ ತಗ್ಗಿ, ಸಂಜೆ ಥಟ್ಟನೆ ಎದ್ದು ನಿಲ್ಲುವುದು.

"ಈ ಹೊಂಡ ಚಿಕ್ಕಪ್ಪಂದು. ಈ ಗುಡ್ಡ ನಿಂದು, ಅಪ್ಪ."

"ನಂಗೆ ಫೋನ್ ಮಾಡಿ ಕೇಳ್ಬೇಕಾಗಿತ್ತು," ಎಂದೆ.

"ನೀನು ಇಲ್ಲೇ ಕೂತಿದ್ಯಲ್ಲಪ್ಪ!" ಎಂದು ನಕ್ಕಳು. ಗುಡ್ಡಕ್ಕೆ ಕಪ್ಪು ಬಣ್ಣ ಬಳಿದಿದ್ದಳು, ಹೊಂಡಕ್ಕೆ ಹಳದಿ. ಚೆನ್ನಾಗಿಯೇ ಬಳಿದಿದ್ದಳು.

ಫೆಬ್ರವರಿ ೨೦

ಷಡ್ಡಕ ಕಂಟ್ರೋಲ್ ರೂಮಿಗೆ ಬಂದ. ಇನ್ನು ಪರೀಕ್ಷೆಯವರೆಗೆ ವಾರಕ್ಕೆರಡು ದಿನ ಬರುತ್ತಾನಂತೆ. ಒಳಗೆ ಬರುವಾಗ ಬಾಗಿಲಲ್ಲಿ ಶೂ ಕೊಡವಿದ. ಅದನ್ನು ಬೇರೆ ಯಾವ ಅಧಿಕಾರಿಯೂ ಮಾಡಿದ್ದು ನಾನು ಕಂಡಿಲ್ಲ. ಎಲ್ಲರೆದುರು ನನ್ನನ್ನು "ಭಾವ" ಎಂದ. ಉಸಿರು ನನ್ನ ಕಡೆ ನೋಡಿ, ಚಿಕ್ಕ ಅಳಿಯನ ಮಾತು ನೆನಪಾಗಿ, ಕೆಮ್ಮಿದ.

ಅವನು ಕೇಳಿದ ಮೊದಲ ಪ್ರಶ್ನೆಯೇ ಎಣ್ಣೆಯದು. "ಭಾವ, ಬೆಂಕಿ ಸ್ವಲ್ಪ ಅಲ್ಲಾಡಿದ್ರೂ ಎಲ್ಲ ಕಡೆ ಆಪರೇಟರು ಎಣ್ಣೆ ಹಾಕ್ಬಿಡ್ತಾರಲ್ಲ, ಯಾಕೆ?"

ಹೇಳಿದೆ. ಲೋಡ್ ತಗ್ಗಿದಾಗ ಕಲ್ಲಿದ್ದಲಿನ ಜ್ವಾಲೆ ತೆಳುವಾಗುತ್ತದೆ, ಅಲುಗುತ್ತದೆ. ಆಗ ಎಣ್ಣೆ ಚಿಮ್ಮಿಸಿದರೆ ಅದು ಆತುಕೊಂಡು ನಿಲ್ಲುತ್ತದೆ. ಜ್ವಾಲೆ ನಿಜವಾಗಿಯೇ ಹೋಯಿತೆಂದರೆ ಯಂತ್ರ ತಾನೇ ಇಂಧನ ಕಡಿದು ಘಟಕವನ್ನು ನಿಲ್ಲಿಸುತ್ತದೆ, ಅಪಾಯವೇನೂ ಇಲ್ಲ. ಆದರೆ ಘಟಕ ನಿಲ್ಲುವುದೆಂದರೆ ನಮ್ಮಲ್ಲಿ ಅವಮಾನ. ಅದಕ್ಕೇ ಈ ಕೆಲಸಕ್ಕೆ ಸೇರಿದ ದಿನದಿಂದ ಕಲಿಸುವುದು: ಮೊದಲು ಎಣ್ಣೆ, ಆಮೇಲೆ ಯೋಚನೆ. ಕುಲುಮೆಯ ಒತ್ತಡ ತೋರಿಸುವ ಮುಳ್ಳು ನಡುಗಿದ್ದನ್ನು ಕಣ್ಣು ಕಂಡಿತೋ ಇಲ್ಲವೋ, ಕೈ ಗುಂಡಿಯ ಮೇಲಿರುತ್ತದೆ. ಉಸಿರಿಗೆ ಕಲಿಸಿದವನು ನಾನೇ.

"ಕಾಯ್ದರೆ ತಾನಾಗೇ ನಿಲ್ಲಲ್ವಾ?"

"ಕಾಯ್ದು ನೋಡಿದವರಿಲ್ಲ."

"ಹಾಗಾದ್ರೆ ನಾವು ನೋಡೋಣ," ಎಂದ, ಪಿಕ್ನಿಕ್ಕಿಗೆ ಕರೆಯುವ ಹಾಗೆ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಇಷ್ಟು ವರ್ಷ ನಾನು ಇವರನ್ನು ನಗಿಸಿದ್ದು ನೆನಪಿಲ್ಲ. ನಗಿಸುವುದು ನನ್ನ ಕೆಲಸವೂ ಅಲ್ಲ.

ಫೆಬ್ರವರಿ ೨೪

ಮೋಡ. ಬೆಳಗಿನಿಂದ ಸಂಜೆವರೆಗೆ ಪೂರ್ತಿ ಲೋಡ್. ಲೋಡ್ ಕೇಂದ್ರದ ಹುಡುಗಿ ಗೋಗರೆದಳು: "ಸರ್, ಇನ್ನೂ ಸ್ವಲ್ಪ ಕೊಡಕ್ಕಾಗುತ್ತಾ?"

ಆಗುತ್ತೆ ಎಂದೆ. ಬಹಳ ಒಳ್ಳೆಯ ದಿನ.

ಮಾರ್ಚ್ ೪

ಅಭ್ಯಾಸ ನಡೆದಿದೆ. ಪೂರ್ತಿ ಲೋಡ್ ಎಂದರೆ ನಮ್ಮ ಘಟಕಕ್ಕೆ ಇನ್ನೂರ ಹತ್ತು ಮೆಗಾವಾಟ್. ನೂರಿಪ್ಪತ್ತರ ಕೆಳಗೆ ಅದನ್ನು ಯಾರೂ ಇಳಿಸಿದ್ದಿಲ್ಲ. ಹೋದ ವಾರ ನೂರಹತ್ತು, ಇಂದು ತೊಂಬತ್ತೈದು. ಗುರಿ ಎಂಭತ್ತನಾಲ್ಕು.

ಕಲ್ಲಿದ್ದಲು ಪುಡಿಮಾಡುವ ಒಂದು ಮಿಲ್ ನಿಲ್ಲಿಸಿ, ಗಾಳಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಇನ್ನೊಂದು ಮಿಲ್ ಬಿಸಿಯಾಗುವವರೆಗೆ ತಾಳಿದೆ. ಬಾಯ್ಲರ್ ಎಂದರೆ ಮುನಿಸಿಕೊಂಡ ಹೆಂಗಸಿನ ಹಾಗೆ ಎಂದು ನನ್ನ ಹಳೆಯ ಸಾಹೇಬರು ಹೇಳುತ್ತಿದ್ದರು. ಇಂದು ಅದು ಸುಳ್ಳೆನಿಸಿತು. ಮುನಿಸು ಅದರದ್ದಲ್ಲ, ನಾವೇ ಅದರೊಡನೆ ಗಟ್ಟಿಯಾಗಿ ಮಾತಾಡುತ್ತಿದ್ದೆವು. ತೊಂಬತ್ತೈದರಲ್ಲಿ ಅದು ಎಷ್ಟು ಮೆತ್ತಗೆ ಉರಿಯಿತೆಂದರೆ ಕಿಂಡಿಯಲ್ಲಿ ನೋಡಲು ನಾನೇ ಮೇಲೆ ಹತ್ತಿ ಹೋದೆ.

ಷಡ್ಡಕ ಚಪ್ಪಾಳೆ ತಟ್ಟಿದ. "ಭಾವ, ದೇಶದಲ್ಲಿ ಈ ಜಾತಿಯ ಘಟಕವನ್ನ ಇಷ್ಟು ಇಳಿಸಿದವರು ಇನ್ನೊಬ್ಬರಿಲ್ಲ."

ನಾಟಕವಾಗಿದ್ದರೆ ಸಹಿಸಬಹುದಿತ್ತು. ಅವನು ನಿಜವಾಗಿಯೂ ಸಂತೋಷಪಟ್ಟಿದ್ದ. ಇಳಿಸಿದ್ದು ನಾನು, ಸಂತೋಷದಲ್ಲಿ ಕೂಡ ಅವನೇ ಮುಂದೆ. ಸಂಜೆ ಮಾವನ ಫೋನ್, ಹೆಂಡತಿಗೆ. ಐದನೇ ಘಟಕ ತೊಂಬತ್ತೈದಕ್ಕೆ ಇಳಿದದ್ದು ಅವರಿಗೆ ಆಗಲೇ ಗೊತ್ತಾಗಿತ್ತು. "ಚಿಕ್ಕ ಅಳಿಯಂದಿರು ಸಾಧಿಸಿಬಿಟ್ರಂತೆ!"

ಮಾರ್ಚ್ ೧೨

ಪರೀಕ್ಷೆ.

ಬೆಳಗ್ಗೆ ಒಂದು ತುಣುಕು ಮೋಡವಿಲ್ಲ. ಇಲಾಖೆಯ ಇಬ್ಬರು ಹಿರಿಯರು ಬಂದು ಹಿಂದಿನ ಕುರ್ಚಿಗಳಲ್ಲಿ ಕೂತರು. ಷಡ್ಡಕ ಅವರಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು. ಇಳಿಸಿದೆ. ನೂರು. ತೊಂಬತ್ತು. ಎಂಭತ್ತನಾಲ್ಕು. ನಿಂತಿತು. ಅರ್ಧ ಹೊತ್ತು ಕಳೆಯಿತು. ಹಿರಿಯರಲ್ಲೊಬ್ಬರು ಷಡ್ಡಕನ ಬೆನ್ನು ತಟ್ಟಿದ್ದು ಎದುರಿನ ಗಾಜಿನಲ್ಲಿ ಕಂಡಿತು.

ಆಗ ಕುಲುಮೆಯ ಒತ್ತಡದ ಮುಳ್ಳು ನಡುಗಿತು. ಒಮ್ಮೆ, ಮತ್ತೆ ಒಮ್ಮೆ.

ಕೈ ಹೋಯಿತು. ಗುಂಡಿ ಒತ್ತಿತು. ಎಣ್ಣೆ ಚಿಮ್ಮಿ ಜ್ವಾಲೆಯನ್ನು ಹಿಡಿದುಕೊಂಡಿತು. ಮುಳ್ಳು ನೆಟ್ಟಗಾಯಿತು.

ಎಣ್ಣೆ ಬಿದ್ದರೆ ಪರೀಕ್ಷೆ ಮುಗಿಯಿತು ಎಂದೇ ನಿಯಮ. ಉಸಿರು ಈ ಸಲ ನಿಟ್ಟುಸಿರು ಬಿಡಲಿಲ್ಲ. ಹಿರಿಯರು ಕನ್ನಡಕ ಒರೆಸಿಕೊಂಡು ಎದ್ದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮಾಡಿದೆ. ಎರಡನೇ ಸಲ ಬಡಿಸಿಕೊಂಡೆ.

ಮಾರ್ಚ್ ೧೩

ಎಲ್ಲರೂ ಸಮಾಧಾನ ಹೇಳಿದರು. ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಸಾಹೇಬರೂ ಹೇಳಿದರು. ನಾನೂ ಹೇಳಿದೆ.

ಮಾರ್ಚ್ ೧೬, ಭಾನುವಾರ

ಮಾವನ ಮನೆ. ಷಡ್ಡಕ ಊಟದ ನಡುವೆ ಎಂದಿನಂತೆ ಹರಟಿದ. ಹೊರಡುವಾಗ ಮೆಟ್ಟಿಲಿನ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದ. ಮೇಲೆ ಹೆಂಗಸರ ಮಾತು ಕೇಳುತ್ತಿತ್ತು.

"ಭಾವ, ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ಅವತ್ತು ಎಣ್ಣೆ ಹಾಕಿದ್ದು ಕೈಯಾ, ನೀವಾ?"

ನಾನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ. ಚಪ್ಪಲಿ ಕಾಲಲ್ಲೇ ಇತ್ತು.

"ಕೈ ಬೇರೆ, ನಾನು ಬೇರೆನಾ?" ಎಂದೆ.

"ಅದೇ ಗೊತ್ತಾಗ್ಲಿಲ್ಲ," ಎಂದು ಅವನು ಮೇಲೆ ಹತ್ತಿಹೋದ. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೂ ಏನಾದರೂ ಅನ್ನಲು ಬರುತ್ತಿತ್ತು.

ಮಾರ್ಚ್ ೧೯

ಹೆಂಡತಿ ಮೂರು ದಿನದಿಂದ ಬೇಕಾದಷ್ಟೇ ಮಾತಾಡುತ್ತಾಳೆ. ಇಂದು ತಂಗಿಯ ಮನೆಯಿಂದ ಬಂದವಳು ಬ್ಯಾಗು ಕೆಳಗಿಡದೆಯೇ ಹೇಳಿದಳು.

"ತಂಗಿ ಯಜಮಾನ್ರು ಮೇಲಿನವರಿಗೆ, ಇಳಿಸುವ ಕ್ರಮ ನಾನೇ ತಪ್ಪಾಗಿ ಹಾಕ್ಕೊಟ್ಟಿದ್ದೆ, ಆಪರೇಟರು ಮಾಡಿದ್ದು ಸರಿ, ಇನ್ನೊಂದು ಅವಕಾಶ ಕೊಡಿ ಅಂತ ಬರ್ಕೊಟ್ಟಿದ್ದಾರೆ. ಮೇಲಿನವರು ರೇಗಿದ್ದಾರೆ. ಎರಡನೇ ಸಲವೂ ಕೆಟ್ರೆ ನಿಮ್ಮ ಘಟಕಕ್ಕೂ ಬೀಗ, ಅವ್ರನ್ನೂ ಎಲ್ಲೋ ಗಾಳಿ ಅಳೆಯೋ ಕಚೇರಿಗೆ ಎತ್ತಿಹಾಕ್ತಾರಂತೆ. ಅವಳು ಅಳ್ತಾ ಕೂತಿದ್ಲು."

"ಕ್ರಮ ಸರಿಯಾಗೇ ಇತ್ತು," ಎಂದೆ.

"ಅದು ನನಗೂ ಗೊತ್ತು," ಎಂದಳು.

ತಪ್ಪನ್ನೂ ಅವನೇ ತೆಗೆದುಕೊಂಡ. ಮಾವ ಅವನ ಪಾಲಾದರು, ಮಗಳ ಪ್ರಾಜೆಕ್ಟ್ ಹೋಯಿತು, ಮಧ್ಯಾಹ್ನ ಹೋಯಿತು. ನನ್ನದೆಂದು ನನ್ನ ಹತ್ತಿರ ಉಳಿದಿದ್ದ ವಸ್ತು ಅದೊಂದೇ, ಅದನ್ನೂ ಒಯ್ದ. ಮಾವನ ಮನೆಯಲ್ಲಿ ಈಗ ಅವನ ಔದಾರ್ಯದ ಕಥೆ ನಡೆಯುತ್ತಿರುತ್ತದೆ.

ಮಾರ್ಚ್ ೨೫

ಇನ್ನೊಂದು ಅವಕಾಶ ಸಿಕ್ಕಿತು. ಏಪ್ರಿಲ್ ಮೂರು.

ಟೀ ಕುಡಿಯುವಾಗ ಉಸಿರು ಪಕ್ಕದಲ್ಲಿ ಬಂದು ಕೂತ. "ಸರ್, ಮುಚ್ಚಿದ್ರೆ ನಿಮ್ಮ ಹಾಗಿರೋರನ್ನ ಎಲ್ಲಾದ್ರೂ ಕೂರಿಸ್ತಾರೆ. ನಾನೇನು ಮಾಡ್ಲಿ? ನಂಗೆ ಬರೋದು ಇದೊಂದೇ," ಎಂದ.

"ಉಸಿರು ಬಿಡೋದಾ?"

"ಅದಕ್ಕೂ ಯಾರಾದ್ರೂ ಸಂಬಳ ಕೊಡ್ತಾರಾ ನೋಡಿ ಸರ್." ನಕ್ಕ. ಆಮೇಲೆ ನಗು ನಿಲ್ಲಿಸಿ, "ಈ ಸಲ ನನ್ನನ್ನ ನಿಮ್ಮ ಕುರ್ಚಿಯಲ್ಲಿ ಕೂರಿಸ್ಬೇಡಿ, ಆಯ್ತಾ? ನನ್ನ ಕೈಯೂ ಹೋಗುತ್ತೆ. ನೀವೇ ಕಲಿಸಿದ ಕೈ," ಎಂದ.

ಸಾಹೇಬರ ಮನಸ್ಸಿನಲ್ಲಿ ಬೇರೆ ಶಿಫ್ಟಿನ ಇಂಚಾರ್ಜನ್ನು ಕೂರಿಸುವ ಯೋಚನೆಯಿತ್ತಂತೆ. ಬೇಡವೆಂದು ಹಟ ಹಿಡಿದವನು ಷಡ್ಡಕನಂತೆ. ಇದನ್ನು ಕೇಳಿ ಏನು ಅನ್ನಿಸಬೇಕೋ ತಿಳಿಯಲಿಲ್ಲ. ಬೇರೆಯವನು ನನ್ನ ಬಾಯ್ಲರಿನ ಮುಂದೆ ಕೂರುವುದನ್ನು ಊಹಿಸಿದೆ. ಆ ಮನುಷ್ಯ ಗಾಳಿಯನ್ನು ಒಂದೇ ಸಲಕ್ಕೆ ಎಳೆಯುತ್ತಾನೆ, ಎತ್ತಿನ ಮೂಗುದಾರ ಎಳೆದ ಹಾಗೆ.

ಮಾರ್ಚ್ ೨೯

ಸ್ಕೂಟರಿನ ಎಂಜಿನು ದಾರಿಯಲ್ಲಿ ಮುಗ್ಗರಿಸಿತು. ಬಲಗೈ ತಾನಾಗಿ ಮುಂದೆ ಹೋಗಿ, ಇಲ್ಲದ ಗುಂಡಿಯನ್ನು ಹುಡುಕಿತು. ಹಿಂದೆ ಕೂತಿದ್ದ ಹೆಂಡತಿ, "ಏನ್ರೀ ಅದು? ಯಾರಿಗೆ ಟಾಟಾ ಮಾಡಿದ್ರಿ?" ಎಂದಳು. ವಾರದ ಮೇಲೆ ಅವಳು ನಕ್ಕದ್ದು.

ಕೈಯನ್ನು ಏನು ಮಾಡುವುದು. ಗುಂಡಿಗೆ ಮುಚ್ಚಳ ಹಾಕಿಸಬಹುದು. ಅಭ್ಯಾಸದಲ್ಲಿ ಹಾಕಿಸಿ ನೋಡಿದೆ, ಕೈ ಮುಚ್ಚಳವನ್ನೂ ಕಲಿತುಬಿಟ್ಟಿತು. ಆಮೇಲೆ ಒಂದು ಕ್ರಮ ಹೊಳೆಯಿತು. ಎಣ್ಣೆಯ ಗುಂಡಿ ಉಸಿರಿನ ಮೇಜಿಗೆ ಹೋಗಲಿ. ನಾನು ಬಾಯಿಬಿಟ್ಟು "ಎಣ್ಣೆ" ಎಂದರೆ ಮಾತ್ರ ಅವನು ಒತ್ತಬೇಕು. ಒತ್ತಡದ ಮುಳ್ಳು ಅವನಿಗೆ ಕಾಣಿಸಬಾರದು. ಕೈಗಿಂತ ಬಾಯಿ ನಿಧಾನ. ಆ ಎರಡರ ನಡುವಿನ ಸಂದಿಯಲ್ಲಿ ಜ್ವಾಲೆ ಚೇತರಿಸಿಕೊಂಡರೂ ಕೊಳ್ಳಬಹುದು. ಸಾಹೇಬರು ಸುರಕ್ಷತೆಯವರನ್ನು ಕೇಳಿ ಒಪ್ಪಿದರು.

ಷಡ್ಡಕನಿಗೆ ನಾನೇ ಫೋನ್ ಮಾಡಿ ಇದನ್ನು ಹೇಳಿದೆ. ಅವನು, "ಭಾವ, ನಿಮ್ಮ ನಂಬರಿಂದ ಫೋನ್ ಬಂದಿದ್ದು ಇದೇ ಮೊದಲು," ಎಂದ. ಇರಲಾರದು.

ಏಪ್ರಿಲ್ ೧

ಮೋಡ! ಈ ಕಾಲದಲ್ಲಿ ಯಾವ ಮೋಡ? ಬಿಸಿಲಿಲ್ಲವೆಂದರೆ ಇಳಿಸುವ ಮಾತೇ ಇಲ್ಲ, ಕೊನೆಯ ಅಭ್ಯಾಸ ಹಾಳು. ಮೂರು ಸಲ ಹೊರಗೆ ಹೋಗಿ ಆಕಾಶ ನೋಡಿದೆ. ಮೂರನೇ ತಾರೀಕು ಹೇಗಿರುತ್ತದೆಂದು ಷಡ್ಡಕನನ್ನು ಕೇಳಿದೆ. ತಿಳಿಯಾಗಿರುತ್ತದೆ ಎಂದ. ನಾಲ್ಕು ಗಂಟೆಗೆ ಮತ್ತೆ ಕೇಳಿದೆ.

ಏಪ್ರಿಲ್ ೩

ಬರೆಯಬೇಕಾದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅದೇ ಇಬ್ಬರು ಹಿರಿಯರು, ಅದೇ ಕುರ್ಚಿಗಳು. ಇಳಿಸುವ ಮೊದಲು ನಾನು ಷಡ್ಡಕನನ್ನು ಕರೆದು ಬಲಗಡೆ ಕೂರಿಸಿಕೊಂಡೆ. ಗುಂಡಿ ಅಲ್ಲಿ ಇಲ್ಲದಿದ್ದರೂ ಕೈ ಹೋಗಿ ಬೇರೇನನ್ನಾದರೂ ಒತ್ತಿಬಿಟ್ಟರೆ ಎಂಬ ಭಯ.

"ಕೈ ಹಿಡ್ಕೋ," ಎಂದೆ.

"ಭಾವ?"

"ನನ್ನ ಬಲಗೈ. ಗಟ್ಟಿಯಾಗಿ. ನಾನು ಕೇಳಿದ್ರೂ ಬಿಡ್ಬೇಡ."

ಹಿಡಿದ. ಇಬ್ಬರು ನರೆತಲೆಯವರು, ಅಂದರೆ ನಾನು ಪೂರ್ತಿ, ಅವನು ಕೆನ್ನೆಯ ಹತ್ತಿರ ಸ್ವಲ್ಪ, ಸರ್ಕಾರದ ಹಿರಿಯರ ಮುಂದೆ ಕೈಕೈ ಹಿಡಿದು ಕೂತೆವು. ಆಚೆ ಮೇಜಿನಿಂದ ಉಸಿರು, "ಸರ್, ಮದುವೆ ಮುಗೀತಾ, ಲೋಡ್ ಇಳಿಸ್ಬಹುದಾ?" ಎಂದ. ಹಿರಿಯರಲ್ಲೊಬ್ಬರಿಗೆ ನಗು ತಡೆಯಲಾಗಲಿಲ್ಲ.

ಎಡಗೈಯಿಂದಲೇ ಇಳಿಸಿದೆ. ಎಂಭತ್ತನಾಲ್ಕು. ನಿಂತಿತು. ಷಡ್ಡಕನ ಅಂಗೈ ಬೆವೆತಿತ್ತು. ಇಷ್ಟು ವರ್ಷ ಕಂಡ ಮನುಷ್ಯ, ಅವನಿಗೆ ಭಯವಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಬಿಸಿಲು ನೆತ್ತಿಯಿಂದ ಜಾರಿದ ಹೊತ್ತಿಗೆ ಮುಳ್ಳು ನಡುಗಿತು. ಮತ್ತೆ ನಡುಗಿತು. ನನ್ನ ಕೈ ಅವನ ಕೈಯೊಳಗೆ ಮೀನಿನ ಹಾಗೆ ಜಿಗಿಯಿತು. ಅವನು ಎರಡೂ ಕೈಯಲ್ಲಿ ಅದುಮಿದ. "ಎಣ್ಣೆ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನುಡಿಯಲು ಒಂದು ಉಸಿರು ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳುವಷ್ಟರಲ್ಲಿ ಮುಳ್ಳು ಇನ್ನೊಂದು ಸಲ ಅಲುಗಿ, ದಣಿದವರ ಹಾಗೆ, ತನ್ನ ಜಾಗಕ್ಕೆ ಬಂದು ಕೂತಿತು.

ಸಂಜೆವರೆಗೆ ನಿಂತಿತು. ಸಂಜೆ ಏರಿತು. ಐದನೇ ಘಟಕ ಹತ್ತು ವರ್ಷ ಉಳಿಯಿತು. ಉಸಿರು ಅತ್ತ. ಸಾಹೇಬರು ಟೀ ತರಿಸಿದರು, ಕಪ್ಪುಗಳು ಸಾಲದೆ ಎರಡು ಸರತಿಯಲ್ಲಿ ಕುಡಿದೆವು.

ಗೇಟಿನ ಹತ್ತಿರ ಷಡ್ಡಕ ನನ್ನ ಪಕ್ಕ ನಡೆದು ಬಂದ. "ಭಾವ, ನಿಮ್ಮ ಕೈ ಹೇಗೆ ಜಿಗೀತು ಗೊತ್ತಾ! ಅವತ್ತು ನಾನು ಸುಮ್ಮನೆ ಅನುಮಾನ ಪಟ್ಟೆ. ಅದು ಕೈಯೇ. ತಪ್ಪಾಯ್ತು."

"ಇರ್ಲಿ ಬಿಡು," ಎಂದೆ.

ಅವನ ಲೆಕ್ಕ ಸರಿಯಾಗಿದೆ. ಇಂದು ನನಗೆ ಈ ಪರೀಕ್ಷೆ ಗೆಲ್ಲಬೇಕಿತ್ತು, ಆದರೂ ಕೈ ಹೋಯಿತು. ಹಾಗಾದರೆ ಅಂದೂ ಹೋದದ್ದು ಕೈಯೇ. ಯಾರು ಕೇಳಿದರೂ ಒಪ್ಪುತ್ತಾರೆ. ಆದರೆ ಅಂದು ಎಣ್ಣೆ ಹಿಡಿದುಕೊಂಡ ಕ್ಷಣದಲ್ಲಿ, ಗಾಜಿನಲ್ಲಿ ಆ ಬೆನ್ನು ತಟ್ಟಿದ ಕೈ ಕೆಳಗಿಳಿದಾಗ, ನನ್ನೊಳಗೆ ಏನೋ ಒಂದು ಹಿತವಾಗಿ ಹರಡಿತ್ತು. ಅದು ಕೈಯದ್ದಲ್ಲ. ಅವನು ಕ್ಷಮೆ ಕೇಳುತ್ತಿದ್ದಾಗ ಹೇಳಬಹುದಿತ್ತು. ಗೇಟಿನವರೆಗೆ ದೂರವೂ ಇತ್ತು.

ಏಪ್ರಿಲ್ ೬, ಭಾನುವಾರ

ಪೇಪರಿನಲ್ಲಿ ಚಿತ್ರ ಬಂದಿದೆ. ಹಿರಿಯರು, ಸಾಹೇಬರು, ಷಡ್ಡಕ. ನಾನಿಲ್ಲ. ಮಾವ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ. ನೋಡಿದೆ. ಫೋಟೊ ಮಸುಕಾಗಿದೆ, ಷಡ್ಡಕ ಕಣ್ಣು ಮುಚ್ಚಿದ್ದಾನೆ. ಪಾಪ, ಆ ಹೊತ್ತಿಗೆ ಅವನು ನಿಂತಲ್ಲೇ ನಿದ್ದೆ ಹೋಗುವಷ್ಟು ಸೋತಿದ್ದ.

ಊಟದಲ್ಲಿ ಅವನೇ ಸುದ್ದಿ ಹೇಳಿದ. ಸರ್ಕಾರ ಇನ್ನು ಎಲ್ಲ ಹಳೆಯ ಸ್ಥಾವರಗಳಲ್ಲೂ ಇದೇ ಪರೀಕ್ಷೆ ಮಾಡಿಸುತ್ತದಂತೆ. ನಾಳೆಯಿಂದ ಅವನು ನದಿಯಾಚೆಯ ಸ್ಥಾವರದಲ್ಲಿ, ಎರಡು ತಿಂಗಳು.

"ಅಲ್ಲಿನ ಶಿಫ್ಟ್ ಇಂಚಾರ್ಜ್ ಹೇಗಂತೆ?" ಎಂದೆ.

"ಬಹಳ ಚುರುಕಂತೆ ಭಾವ. ನನಗಿಂತ ಚಿಕ್ಕವರು. ಈಗಾಗ್ಲೇ ಎಂಭತ್ತೆಂಟಕ್ಕೆ ಇಳಿಸಿದಾರಂತೆ."

"ಒಬ್ಬನೇ?"

"ಒಬ್ಬರೇ ಅಂತೆ."

ಎಲ್ಲರೂ ಹೌದೇ ಎಂದು ಬೆರಗಾದರು. ನಾನು ಊಟ ಮುಗಿಸಿ ಕೈ ತೊಳೆದೆ. ಎಂಭತ್ತೆಂಟಕ್ಕೆ ಇಳಿಸುವುದು ಯಾರಿಗೂ ಬರುತ್ತದೆ, ನಿಲ್ಲಿಸುವುದು ಬೇರೆ. ಚುರುಕಿನವರ ಕೈಯೇ ಮೊದಲು ಹೋಗುವುದು. ಅಲ್ಲಿಯೂ ಇವನನ್ನು ಬಲಗಡೆ ಕೂರಿಸಿಕೊಳ್ಳುತ್ತಾರೋ ಏನೋ. ಇವನೋ, ಯಾರು ಕರೆದರೂ ಹೋಗಿ ಕೂರುವವನು. ಯಾರ ಕೈ ಕೊಟ್ಟರೂ ಹಿಡಿಯುವವನು. ಆ ಮನುಷ್ಯನ ಕೈ ಎಷ್ಟು ಜೋರಾಗಿ ಜಿಗಿಯುತ್ತದೆಂದು ಇವನಿಗೆ ಏನು ಗೊತ್ತು.

ನಾಳೆ ಫೋನ್ ಮಾಡಿ ಹೇಳಬೇಕು.